ಹತ್ತರಲ್ಲಿ ಎಷ್ಟು

ಬಿ.ಕಾಂ. ಮುಗಿಸಿ ಏಳು ವರ್ಷಕ್ಕೆ ಮತ್ತೆ
ಬೆಂಚಿನ ಮೇಲೆ ಕೂತಿದ್ದೇನೆ.
ಅಜ್ಮಾನಿನ ಅಲ್ ಜುರ್ಫ್, ಮೂರನೇ ಮಹಡಿ, ಸಂಜೆ ಏಳು.
ಕಿಟಕಿಯಾಚೆ ಟಯರಿನ ಅಂಗಡಿ, ಅದರಾಚೆ ಮರಳು,
ಮರಳಿನ ಮೇಲಿಂದ ಬಿಸಿ ಇನ್ನೂ ಎದ್ದು ಹೋಗಿಲ್ಲ.

ಹಾಜರಿಯಲ್ಲಿ 'ಹಿಲ್ಡಾ ಕಸ್ತಲಿನೊ' ಎಂದರೆ
ಅರೆಕ್ಷಣ ತಡೆದು ಕೈ ಎತ್ತುತ್ತೇನೆ.
ಹಗಲಿಡೀ ನನ್ನ ಹೆಸರು 'ಕೌಂಟರ್ ಎರಡು'.

ನಾವು ಹನ್ನೊಂದು ಮಂದಿ. ಎಲ್ಲರ ಹತ್ತಿರವೂ ಒಂದೊಂದು ಡಿಗ್ರಿ,
ಮದುವೆಗೆ ಬಂದ ಮೂರನೇ ಕುಕ್ಕರಿನ ಹಾಗೆ
ಡಬ್ಬದಲ್ಲೇ ಇದೆ.
ಸುಡಾನಿನ ಇಸಾಮ್ ಸೇತುವೆ ಕಟ್ಟುವುದು ಕಲಿತವನು,
ಸೆಬುವಿನ ಮಾರಿಸೆಲ್ ಹೋಟೆಲು ನಡೆಸುವುದು.
ನಾನು, ಬಾಕಿ ಬರೆದಿಡುವುದು.
ಎರಡನೇ ಮಹಡಿಯ ಹದಿನೆಂಟರ ಮಕ್ಕಳು
ಲಿಫ್ಟಿನಲ್ಲಿ ನಮಗೆ ಜಾಗ ಬಿಟ್ಟು 'ಮ್ಯಾಮ್' ಎನ್ನುತ್ತಾರೆ.

ಆರು ಇಂಗಾಲ ಕೈ ಕೈ ಹಿಡಿದರೆ ಒಂದು ಉಂಗುರ.
ಅದು ಚಪ್ಪಟೆಯಾಗಿ ಕೂರುವುದಿಲ್ಲ, ಎಂದರು ಪ್ರೊಫೆಸರು.
ಒಂದು ತುದಿ ಎತ್ತಿ ಇನ್ನೊಂದು ತಗ್ಗಿಸಿದರೆ ಕುರ್ಚಿ,
ಎರಡೂ ತುದಿ ಎತ್ತಿದರೆ ದೋಣಿ.
ಕುರ್ಚಿಗೇ ನೆಮ್ಮದಿ. ದೋಣಿಗೆ ಒಳಗೊಳಗೇ ಬಿಗಿತ,
ಗಳಿಗೆಗಿಂತ ಹೆಚ್ಚು ನಿಲ್ಲದು.
ಬರೆದುಕೊಂಡೆ. ಅದಲು ಬದಲು ಬರೆದುಕೊಂಡೆ ಎಂದು
ಪರೀಕ್ಷೆಯಲ್ಲಿ ಗೊತ್ತಾಯಿತು: ನೂರಕ್ಕೆ ಐವತ್ತೆರಡು.

ಕ್ಲಿನಿಕ್ಕು ಇರುವುದು ಸನಯ್ಯಾದಲ್ಲಿ.
ಇನ್ಶೂರೆನ್ಸ್ ಕಾರ್ಡು ಉಜ್ಜುವುದು, ಕೋಡು ಹಾಕುವುದು.
ತಲೆನೋವಿಗೊಂದು ಅಂಕೆ, ಬೆನ್ನುನೋವಿಗೊಂದು.
ಅಂಕೆ ಇಲ್ಲದ ನೋವಿಗೆ ದುಡ್ಡು ಬರುವುದಿಲ್ಲ.

ಆ ಮಂಗಳವಾರ ಲಿಂಗಸೂಗೂರಿನ ಯಮನೂರಪ್ಪ ಬಂದ,
ಉಕ್ಕಿನ ಸರಳು ಬಾಗಿಸುವವನು.
ಹೆಲ್ಮೆಟ್ಟು ಮಡಿಲಲ್ಲಿಟ್ಟು ಕೂತ.
ಡಾಕ್ಟರ್ ನಗೀಬ್ ಗೋಡೆಯ ಚಿತ್ರ ತೋರಿಸಿದರು:
ಸೊನ್ನೆಯ ಬಳಿ ನಗುವ ಮುಖ, ಹತ್ತರ ಬಳಿ ಅಳುವ ಮುಖ.
ಹತ್ತರಲ್ಲಿ ಎಷ್ಟು?
ಅವನು ಎರಡು ಬೆರಳೆತ್ತಿದ.

ಎರಡು ಅಂದರೆ ಕೆಲಸಕ್ಕೆ ವಾಪಸು.
ಎಂಟು ಅಂದರೆ ಊರಿಗೆ ವಾಪಸು.
ಕ್ಯಾಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ,
ಗೋಡೆಯ ಮುಖಗಳಿಗೆ ಮಾತ್ರ ಗೊತ್ತಿಲ್ಲ.

ನನ್ನನ್ನು ಕರೆದರು, ಭಾಷೆಗೆ.
ನನ್ನದು ಶಿರ್ವದ ಕೊಂಕಣಿ, ಶಾಲೆಯ ಕನ್ನಡ.
'ಹೆಂಗ ನೋವು' ಎಂದು ಅವನ ಧಾಟಿಗೆ ಹೋಗಿ
ನಾಲಿಗೆ ಮುಗ್ಗರಿಸಿತು.
ಅವನು ನಕ್ಕ. ನಕ್ಕದ್ದಕ್ಕೇ ಬಾಯಿ ಬಿಟ್ಟ:

"ನೋವಲ್ರೀ ಅಕ್ಕಾ. ನೋವಂದ್ರ ಬ್ಯಾರೆ.
ಎದಿ ಮ್ಯಾಲ ಯಾರೋ ಬೀಸೋಕಲ್ಲು ಇಟ್ಟಂಗ,
ಇಟ್ಟು ತಿರುವಿದಂಗ.
ಎಡಗೈಯಾಗ ಜೋಮು.
ದವಡಿ ತನಕ ಜಗ್ಗತೈತಿ."

ಉರಿ, ಸೆಳೆತ, ಸಿಡಿತ, ಚಳುಕು, ಜೋಮು, ಸಂಕಟ.
ನಮ್ಮಲ್ಲಿ ಇಷ್ಟೆಲ್ಲ ಇದೆ, ಯಾವುದಕ್ಕೂ ನಂಬರಿಲ್ಲ.
ಆ ಕಲ್ಲನ್ನು ಇಂಗ್ಲಿಷಿಗೆ ಎತ್ತಿ ಕೊಡಲು ನೋಡಿದೆ, ಏಳಲಿಲ್ಲ;
ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದೆ.
ನಗೀಬರ ಅಜ್ಜಿಯ ಮನೆಯಲ್ಲೂ ಅಂಥದೊಂದು ಇತ್ತೇನೋ,
ಪೆನ್ನು ಕೆಳಗಿಟ್ಟು ಎದ್ದರು.
ಇಸಿಜಿಯ ಕಾಗದ ರಸೀದಿಯ ಹಾಗೆ ಹೊರಬಂತು,
ನನಗೆ ಓದಲು ಬರಲಿಲ್ಲ.
ಆಂಬುಲೆನ್ಸ್. ಹೆಲ್ಮೆಟ್ಟು ನನ್ನ ಕೌಂಟರಿನಲ್ಲೇ ಉಳಿಯಿತು.

ಆ ರಾತ್ರಿ ಕ್ಲಾಸಿನಲ್ಲಿ ದ್ರವಗಳ ಹರಿವು.
ನಳಿಕೆಯ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ,
ಹದಿನಾರರಲ್ಲಿ ಒಂದು ಪಾಲು.
ಹದಿನಾರು ಕೊಡ ಬರಬೇಕಾದಲ್ಲಿ ಒಂದೇ ಕೊಡ.
ನಲ್ಲಿಯ ಮುಂದೆ ಸಾಲು ನಿಂತ ಮುಖಗಳು ಕಂಡವು,
ಸೂತ್ರ ಇಳಿಸಿಕೊಳ್ಳುವುದು ಮರೆತೆ.

ಇಂಟರ್‌ವ್ಯೂನಲ್ಲಿ ಕೇಳಿದರು: ಇಪ್ಪತ್ತೊಂಬತ್ತು ನಿಮಗೆ. ಯಾಕೆ ಈಗ?
ಯಮನೂರಪ್ಪನ ಕತೆ ಹೇಳಿದ್ದರೆ ಸೀಟು ಸಿಗುತ್ತಿತ್ತೇನೋ.
ಹೇಳಲಿಲ್ಲ. ಕಲ್ಲು ಅವನದು,
ನಾನು ಬರೀ ಕೈ ತಿರುಗಿಸಿದವಳು.
'ಕೆಮಿಸ್ಟ್ರಿ ಇಷ್ಟ' ಎಂದೆ.
ಐವತ್ತೆರಡನ್ನು ನೋಡಿ ಅವರು ಸುಮ್ಮನಾದರು.

ಈಗ ಕ್ಲೇಮು ವಾಪಸು ಬಂದಿದೆ, ಎರಡನೇ ಸಲ:
'ರೋಗಿಯ ಮೊದಲ ಹೇಳಿಕೆ, ಹತ್ತರಲ್ಲಿ ಎರಡು.
ತುರ್ತು ಎನ್ನಲು ಆಧಾರ ಸಾಲದು.'
ಅವನು ಇನ್ನೂ ಆಸ್ಪತ್ರೆಯಲ್ಲಿದ್ದಾನೆ, ಗಂಜಿ ಕುಡಿಯುತ್ತಿದ್ದಾನಂತೆ.
ಹೆಲ್ಮೆಟ್ಟಿನ ಒಳಗೆ ಬೆವರಿನುಪ್ಪಿನ ಬಿಳಿ ಗೆರೆ.
ಕಾರಣದ ಖಾನೆ ಸಣ್ಣದು, ನಲವತ್ತು ಅಕ್ಷರ.
ಬೀಸುವ ಕಲ್ಲು ಎಂದು ಹಾಕುತ್ತೇನೆ,
ಅಳಿಸುತ್ತೇನೆ, ಮತ್ತೆ ಹಾಕುತ್ತೇನೆ.
ಸಾಲಿನಲ್ಲಿ ಮುಂದಿನವನು ಕಾರ್ಡು ಚಾಚಿ ನಿಂತಿದ್ದಾನೆ.
ಏಳಕ್ಕೆ ಮರುಪರೀಕ್ಷೆ;
ದೋಣಿ ಇನ್ನೂ ಬಾಯಿಗೆ ಬಂದಿಲ್ಲ.